ಎಣ್ಣೆಯಲ್ಲಿ ಮಾಯವಾದ ಮಣಿಗಳು

ಮಣಿಗಳು ಕಣ್ಣೆದುರೇ ಮಾಯವಾದವು.

ಇನ್ಸ್‌ಪೆಕ್ಟರಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿದಳು. ಒಂದು ಗಳಿಗೆ ಮುಂಚೆ ಗಾಜಿನ ಪಟ್ಟಿಯ ಮೇಲೆ ಅವು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿದ್ದವು. ಒಂದೊಂದೂ ದುಂಡಗೆ, ಒಂದೊಂದಕ್ಕೂ ಕಪ್ಪು ಅಂಚು. ಒಂದು ತೊಟ್ಟು ಎಣ್ಣೆ ಬಿಟ್ಟಿದ್ದೇ ತಡ, ಅಂಚುಗಳು ತೆಳುವಾದವು, ಮಸುಕಾದವು, ಆಮೇಲೆ ಇಲ್ಲವೇ ಇಲ್ಲ. ಪಟ್ಟಿಯನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಎಲ್ಲಿ ನೋಡಿದರೂ ಬರೀ ಬೆಳಕು.

"ಏನಾದ್ರೂ ಕಾಣ್ತಾ?" ಎಂದು ಅಕ್ಕ ಮಂಚದ ಮೇಲಿಂದ ಕೇಳಿದರು.

"ಏನೂ ಕಾಣ್ತಿಲ್ಲ ಅಕ್ಕಾ. ಕಾಣಬೇಕಿತ್ತು."

ಗೋಲಿ ಮೇಷ್ಟ್ರ ಚಪ್ಪಲಿ ಕೆರೆಯ ಮೆಟ್ಟಿಲ ಮೇಲೆ ಸಿಕ್ಕಿ ತಿಂಗಳಾಗುತ್ತ ಬಂದಿತ್ತು. ದೇಹ ಸಿಕ್ಕಿರಲಿಲ್ಲ. ನಾಲ್ಕು ಜನರೆದುರು ಮುಖಭಂಗವಾಯಿತೆಂದು ನೀರಿಗೆ ಬಿದ್ದಿದ್ದಾರೆ ಎಂದು ಪೊಲೀಸರು ಷರಾ ಬರೆದಿದ್ದರು. ಹಾಗಲ್ಲ ಎಂದು ನಂಬಿದ್ದವರು ಮೇಷ್ಟ್ರ ಅಕ್ಕ ಒಬ್ಬರೇ. ಅವರೇ ಬೇರೆ ಊರಿನಿಂದ ಬಂದು, ತಮ್ಮನ ಬಾಡಿಗೆ ಕೋಣೆಯಲ್ಲೇ ಉಳಿದುಕೊಂಡು, ಇನ್ಸ್‌ಪೆಕ್ಟರಮ್ಮನನ್ನು ಹುಡುಕಿ ಹಿಡಿದಿದ್ದರು. ಅವಳು ಪೊಲೀಸ್ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೆಸರು ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ತರಕಾರಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಅವಳು ಇನ್ಸ್‌ಪೆಕ್ಟರಮ್ಮನೇ.

ಮಹಡಿಯ ಆ ಕೋಣೆಯಲ್ಲಿ ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ ಇದ್ದವು. ಇನ್ನೊಬ್ಬರು ಬಂದು ಕೂರಬಹುದು ಎಂದು ಯಾರೂ ಯೋಚಿಸಿದ ಹಾಗಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನ ಮೇಲೆ ಹಿತ್ತಾಳೆಯ ಹಳೆ ಮೈಕ್ರೋಸ್ಕೋಪು. ಅದಕ್ಕೂ ಒಂದೇ ಕಣ್ಣು. ಒಬ್ಬರು ನೋಡುವಾಗ ಇನ್ನೊಬ್ಬರು ಸುಮ್ಮನೆ ನಿಂತಿರಬೇಕು. ಇಲ್ಲಿ ನಿಂತಿರಲು ಇನ್ನೊಬ್ಬರು ಇದ್ದದ್ದೇ ಇಲ್ಲ.

ಮೇಷ್ಟ್ರು ಸಂಶೋಧನಾ ಸಂಸ್ಥೆಯೊಂದರಲ್ಲಿ ಬೆಳಕಿನ ವಿಷಯ ಕಲಿಸುತ್ತಿದ್ದರು. ಗೋಲಿ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಬೆಳಕಿಗೂ ಒಂದು ಮಿತಿಯಿದೆ. ಎಷ್ಟೇ ಒಳ್ಳೆಯ ಲೆನ್ಸ್ ಇಟ್ಟರೂ, ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರ ಇರುವ ಎರಡು ಚುಕ್ಕಿಗಳು ಒಂದೇ ಮಸುಕು ಕಲೆಯಾಗಿ ಕಾಣುತ್ತವೆ. ಮೇಷ್ಟ್ರು ಕೂದಲೆಳೆಗಿಂತ ಸಣ್ಣದಾದ ಗಾಜಿನ ಗೋಲಿಗಳನ್ನು ನೋಡಬೇಕಾದ ವಸ್ತುವಿನ ಮೈಮೇಲೆಯೇ ಉದುರಿಸಿ, ಅವುಗಳ ಮೂಲಕ ನೋಡುತ್ತಿದ್ದರು. ದೂರದ ಲೆನ್ಸಿಗೆ ಮುಟ್ಟದೆ ಅಲ್ಲೇ ಸತ್ತುಹೋಗುವ ಬೆಳಕನ್ನು, ಮೈಗೆ ತಾಗಿ ಕೂತ ಗೋಲಿ ಹಿಡಿದು ಮೇಲಕ್ಕೆ ಕಳಿಸುತ್ತದೆ. ಆಗ ಆ ಒಂದು ಮಸುಕು ಎರಡು ಚುಕ್ಕಿಯಾಗಿ ಬಿಡಿಸಿಕೊಳ್ಳುತ್ತದೆ. ವಸ್ತು ನೀರಿನಲ್ಲಿ ನೆನೆದಿದ್ದರೆ ಮಾಮೂಲಿ ಗಾಜಿನ ಗೋಲಿ ಸಾಲದು. ಬೆಳಕನ್ನು ಜೋರಾಗಿ ಬಾಗಿಸುವ ಭಾರದ ಗಾಜೇ ಬೇಕು.

ಇಷ್ಟನ್ನೂ ಇನ್ಸ್‌ಪೆಕ್ಟರಮ್ಮ ಸಂಸ್ಥೆಯವರ ಬಾಯಿಂದಲೇ ಕೇಳಿ ತಿಳಿದುಕೊಂಡಿದ್ದಳು. ಕೊನೆಯ ದಿನ ನಡೆದದ್ದನ್ನೂ ಅವರೇ ಹೇಳಿದ್ದರು. ಹೊರಗಿನಿಂದ ದೊಡ್ಡವರು ಬಂದಿದ್ದರು. ಮೇಷ್ಟ್ರು ಗೋಲಿಗಳನ್ನು ಇಟ್ಟು, ನೋಡಿ ಎಂದರು. ಒಬ್ಬೊಬ್ಬರಾಗಿ ಬಗ್ಗಿದರು, ಎದ್ದರು, ಮುಖ ಮುಖ ನೋಡಿಕೊಂಡರು. ಮಸುಕು ಬಿಟ್ಟು ಬೇರೇನೂ ಕಾಣುತ್ತಿಲ್ಲವಲ್ಲ ಎಂದು ಅವರಲ್ಲೊಬ್ಬರು ಬಹಳ ಮೆತ್ತಗೆ ಹೇಳಿದರಂತೆ. ಕೊನೆಗೆ ಮೇಷ್ಟ್ರೇ ನೋಡಲು ಬಗ್ಗಿದರು. ಬಂದವರೆಲ್ಲ ಕೋಣೆ ಬಿಟ್ಟು ಹೋಗುವವರೆಗೂ ಅವರು ತಲೆ ಎತ್ತಲಿಲ್ಲ.

ಅವರ ಸಾಮಾನನ್ನು ಸಂಸ್ಥೆಯವರು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಅಕ್ಕನಿಗೆ ಒಪ್ಪಿಸಿದ್ದರು. ಅದರಲ್ಲಿ ಹೆಬ್ಬೆರಳಿನಷ್ಟು ಎತ್ತರದ ಬಾಟಲಿಯೊಂದು ಇತ್ತು. ಮೇಲೆ ಮೇಷ್ಟ್ರ ಕೈಬರಹ: ಭಾರದ ಗಾಜು. ಎಣ್ಣೆಯಲ್ಲಿ ಮಾಯವಾದದ್ದು ಅದರೊಳಗಿನ ಮಣಿಗಳೇ.

"ಅಕ್ಕಾ, ನಾನು ಕೆಲಸದಲ್ಲಿದ್ದಾಗ ರಸ್ತೆಯಲ್ಲಿ ಬಿದ್ದ ಗಾಜಿನ ಚೂರು ಯಾವ ಗಾಡಿದು ಅಂತ ಲ್ಯಾಬಿನವರು ಹೀಗೇ ನೋಡ್ತಿದ್ದರು," ಎಂದಳು ಇನ್ಸ್‌ಪೆಕ್ಟರಮ್ಮ. "ಗಾಜು, ಎಣ್ಣೆ ಎರಡೂ ಬೆಳಕನ್ನ ಒಂದೇ ಥರ ಬಾಗಿಸಿದ್ರೆ ಗಾಜು ಎಣ್ಣೆಯೊಳಗೆ ಮರೆಯಾಗಿಬಿಡುತ್ತೆ. ಈ ಎಣ್ಣೆಗೆ ಹೊಂದೋದು ಮಾಮೂಲಿ ಗಾಜು. ಭಾರದ ಗಾಜು ಇದರಲ್ಲಿ ಎದ್ದು ಕಾಣಬೇಕಿತ್ತು."

ಅಕ್ಕ ಮಂಚದ ಅಂಚನ್ನು ಹಿಡಿದುಕೊಂಡರು.

"ಅಂದ್ರೆ?"

"ಇದು ನಿಮ್ಮ ತಮ್ಮನ ಗೋಲಿ ಅಲ್ಲ. ಬಾಟಲಿ ಅವರದೇ. ಒಳಗಿನದನ್ನ ಯಾರೋ ಬದಲಾಯಿಸಿದ್ದಾರೆ. ಅವತ್ತು ಯಾರು ನೋಡಿದ್ರೂ ಕಾಣೋ ಹಾಗೇ ಇರಲಿಲ್ಲ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅಕ್ಕ ಮೆಲ್ಲಗೆ ಹೇಳಲು ಶುರು ಮಾಡಿದರು. ಪುಟ್ಟ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದನಂತೆ. ಐವತ್ತು ದಾಟಿದ ತಮ್ಮ ಅಕ್ಕನಿಗೆ ಇನ್ನೂ ಪುಟ್ಟನೇ. ಆ ವಾರ ಏನೇನು ಕಂಡೆ ಎಂದು ಹೇಳುತ್ತಿದ್ದ. ಚಿಟ್ಟೆಯ ರೆಕ್ಕೆಯ ಹುಡಿ, ಯಾವುದೋ ಲೋಹದ ಗೆರೆ, ಯಾವುದೋ ಹಾಳೆಯ ತೂತು. ಅವರಿಗೆ ಒಂದು ಅಕ್ಷರ ಅರ್ಥವಾಗುತ್ತಿರಲಿಲ್ಲ.

"ಆದ್ರೂ ನಾನು ಫೋನ್ ಇಡ್ತಿರಲಿಲ್ಲ, ಅವನೂ ಇಡ್ತಿರಲಿಲ್ಲ," ಎಂದರು. "ಈಗ ಭಾನುವಾರ ಬಂದ್ರೆ ಆ ಫೋನನ್ನ ಎಲ್ಲಿಡಬೇಕು ಅಂತಲೇ ಗೊತ್ತಾಗಲ್ಲ ನನಗೆ."

ಅವರ ಕೆನ್ನೆ ಒಳಗೆ ಹೋಗಿತ್ತು. ಊಟ ಮಾಡಿದಿರಾ ಎಂದು ಕೇಳಿದರೆ ಆಯಿತು ಎಂದರು. ಒಲೆ ತಣ್ಣಗಿತ್ತು, ತಟ್ಟೆ ಒಣಗಿತ್ತು. ಇನ್ಸ್‌ಪೆಕ್ಟರಮ್ಮ ಅದನ್ನು ನೋಡಿಯೂ ಮಾತು ಬೆಳೆಸಲಿಲ್ಲ. ಒಬ್ಬರಿಗೋಸ್ಕರ ಒಲೆ ಹಚ್ಚುವುದು ಎಷ್ಟು ಬೇಸರದ ಕೆಲಸವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳೂ ಎಷ್ಟೋ ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಏನೋ ಒಂದು ಬಾಯಿಗೆ ಹಾಕಿಕೊಂಡು ಮಲಗುವವಳು.

ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು.

ಸಂಸ್ಥೆ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ದಾರಿಯುದ್ದಕ್ಕೂ ಅವಳು ಒಂದೇ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೇಷ್ಟ್ರೇ ಬದಲಾಯಿಸಿದ್ದರೆ? ತಾನು ಹೇಳಿದ್ದೆಲ್ಲ ಸುಳ್ಳಾಗಿ, ಅದನ್ನು ಮುಚ್ಚಿಕೊಳ್ಳಲು? ಹಾಗಿದ್ದರೆ ಕೋಣೆ ಖಾಲಿಯಾಗುವವರೆಗೂ ಆ ಮನುಷ್ಯ ಕಣ್ಣು ತೆಗೆಯದೆ ಏನನ್ನು ಹುಡುಕುತ್ತಿದ್ದ? ಇಲ್ಲದ್ದು ಇಲ್ಲ ಎಂದು ಗೊತ್ತಿದ್ದವನು ಅಷ್ಟು ಹೊತ್ತು ಬಗ್ಗಿ ನಿಲ್ಲುವುದಿಲ್ಲ.

ಹೊರಗಿನವರು ಯಾರಾದರೂ ಬಂದಿದ್ದರೆ ಬಾಟಲಿಯನ್ನು ಕದಿಯುತ್ತಿದ್ದರು, ಒಡೆಯುತ್ತಿದ್ದರು. ಇಲ್ಲಿ ಅದೇ ಗಾತ್ರದ, ಅದೇ ನುಣುಪಿನ ಬೇರೆ ಗೋಲಿಗಳನ್ನು ಆರಿಸಿ ತುಂಬಿದ್ದರು. ಮೇಷ್ಟ್ರ ಕಣ್ಣಿಗೂ ಮಣ್ಣೆರಚುವ ಹಾಗೆ. ಅದು ತಿಳಿದವರ ಕೈ.

ಬಾಟಲಿ ಇದ್ದದ್ದು ಬೀಗ ಹಾಕಿದ ಕಪಾಟಿನಲ್ಲಿ. ವಿಭಾಗದ ಮುಖ್ಯಸ್ಥರ ಬಳಿ ಒಂದು ಬೀಗದ ಕೈ ಇತ್ತು. ಆದರೆ ಅವರು ಆ ವಾರವೆಲ್ಲ ಬೇರೆ ಊರಿನಲ್ಲಿದ್ದು, ಅವತ್ತು ಬೆಳಿಗ್ಗೆ ನಿಲ್ದಾಣದಿಂದ ನೇರವಾಗಿ ಅತಿಥಿಗಳ ಜೊತೆಯೇ ಒಳಗೆ ಬಂದಿದ್ದರು. ಇನ್ನೊಂದು ಮೇಷ್ಟ್ರದು. ಮೂರನೆಯದು ಪಕ್ಕದ ಕೋಣೆಯ ಕತ್ತಲೆ ಮೇಡಂ ಬಳಿ ಇತ್ತು.

ಅದೂ ವಿದ್ಯಾರ್ಥಿಗಳು ಇಟ್ಟ ಹೆಸರೇ. ಮೈಕ್ರೋಸ್ಕೋಪಿನ ಕೆಲಸಕ್ಕೆಂದು ಹಗಲು ಹೊತ್ತಿನಲ್ಲೂ ಕಿಟಕಿಗೆ ಕಪ್ಪು ಬಟ್ಟೆ ಎಳೆದು ಕೂರುವವರು. ಮೇಷ್ಟ್ರ ಜೊತೆ ವರ್ಷಗಟ್ಟಲೆ ಗೋಡೆ ಹಂಚಿಕೊಂಡವರು.

ಇನ್ಸ್‌ಪೆಕ್ಟರಮ್ಮ ಬಾಗಿಲು ತಟ್ಟಿದಳು.

"ದೊಡ್ಡ ದೀಪ ಹಾಕಬೇಡಿ," ಎಂದಿತು ಒಳಗಿನ ದನಿ.

ಮೇಜಿನ ಮೇಲೆ ಒಂದು ಸಣ್ಣ ಕೆಂಪು ದೀಪ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮೇಡಂ ಅವರ ಕೈಗಳಷ್ಟೇ ಕಾಣುತ್ತಿದ್ದವು. ಮುಖ ಕತ್ತಲೆಯಲ್ಲಿತ್ತು. ಇನ್ಸ್‌ಪೆಕ್ಟರಮ್ಮ ಬಾಟಲಿಯನ್ನು ತೆಗೆದು ಆ ಕೈಗಳ ಮುಂದೆ ಇಟ್ಟಳು.

"ಎಣ್ಣೆ ಹಾಕಿ ನೋಡಿದೆ ಮೇಡಂ. ಮಾಯವಾದವು."

ಕೈಗಳು ಅಲುಗಲಿಲ್ಲ.

"ಎಲ್ಲವೂ?" ಎಂದರು ಮೇಡಂ, ತಡವಾಗಿ.

"ಎಲ್ಲವೂ."

ಆ ಒಂದು ಪ್ರಶ್ನೆಯಲ್ಲೇ ಉತ್ತರವೂ ಇತ್ತು. ಗೊತ್ತಿಲ್ಲದವರು ಏನು ಮಾಯವಾಯಿತು ಎಂದು ಕೇಳುತ್ತಾರೆ. ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಹೇಳುವವರನ್ನು ಅವಸರ ಮಾಡಬಾರದು ಎಂಬುದನ್ನು ಅವಳು ಹಳೆ ಕೆಲಸದಲ್ಲಿ ಕಲಿತಿದ್ದಳು.

ಮೇಡಂ ಹೇಳಿದರು. ಮೊದಮೊದಲು ಮಾತು ತಡೆತಡೆದು ಬಂತು, ಆಮೇಲೆ ನಿಲ್ಲಿಸಲಾಗದ ಹಾಗೆ ಬಂತು.

ಮೇಷ್ಟ್ರು ಯಾರ ತಪ್ಪನ್ನೂ ಹುಡುಕಲು ಹೊರಟವರಲ್ಲವಂತೆ. ಗೋಲಿಗಳನ್ನು ಪರೀಕ್ಷಿಸಲು ಅವರಿಗೆ ಬಹಳ ಸಣ್ಣ ತೂತುಗಳಿರುವ ಒಂದು ವಸ್ತು ಬೇಕಿತ್ತು. ಊರಾಚೆಯ ಕಾರ್ಖಾನೆಯೊಂದು ಔಷಧ ಸೋಸುವ ಹಾಳೆ ಮಾಡುತ್ತಿತ್ತು. ಈರುಳ್ಳಿಯ ಸಿಪ್ಪೆಯಂಥ ತೆಳು ಹಾಳೆ. ಆಸ್ಪತ್ರೆಯ ಕೆಲವು ಡ್ರಿಪ್‌ಗಳನ್ನು ಕುದಿಸಿದರೆ ಕೆಡುತ್ತವೆ. ಅವನ್ನು ಇಂಥ ಹಾಳೆಯಲ್ಲಿ ಸೋಸಿಯೇ ಶುದ್ಧ ಮಾಡಬೇಕು. ರೋಗಾಣು ತೂರದಷ್ಟು ಸಣ್ಣ ತೂತು. ಮೇಷ್ಟ್ರು ಆ ಹಾಳೆಯ ತುಂಡೊಂದನ್ನು ತರಿಸಿ, ನೀರಿನಲ್ಲಿ ನೆನೆಸಿ, ಗೋಲಿ ಉದುರಿಸಿ ನೋಡಿದರು. ಅಲ್ಲಲ್ಲಿ ತೂತುಗಳು ಒಂದಕ್ಕೊಂದು ಸೇರಿ ಸೀಳಾಗಿದ್ದವು.

"ಕಾರ್ಖಾನೆಯವರು ದೊಡ್ಡ ಯಂತ್ರದಲ್ಲಿ ನೋಡೇ ನೋಡ್ತಾರೆ," ಎಂದರು ಮೇಡಂ. "ಆದ್ರೆ ಆ ಯಂತ್ರದೊಳಗೆ ಇಡಬೇಕಾದ್ರೆ ಹಾಳೆನ ಒಣಗಿಸಬೇಕು. ಒಣಗಿದ್ರೆ ಸೀಳು ಮುಚ್ಚಿಕೊಳ್ಳುತ್ತೆ, ಎಲ್ಲ ಸರಿಯಾಗಿ ಕಾಣುತ್ತೆ. ನೆನೆದಾಗಲೇ ಅದು ಬಾಯಿ ಬಿಡೋದು."

ಮೇಷ್ಟ್ರು ಅದನ್ನು ಮೊದಲು ತೋರಿಸಿದ್ದು ಇವರಿಗೆ. ಇವರು ನೋಡಿದರು, ಕಂಡಿತು. ಆ ಕಾರ್ಖಾನೆಯಲ್ಲಿ ಪ್ರತಿ ಹಾಳೆಯನ್ನೂ ಪಾಸು ಮಾಡಿ ಸಹಿ ಹಾಕುವ ಅಧಿಕಾರಿ ಇವರ ಸ್ವಂತ ತಂಗಿ.

"ಅಮ್ಮ ಹೋದಾಗ ಅವಳಿಗೆ ಇನ್ನೂ ನಡೆಯೋಕೆ ಬರ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು," ಎಂದರು ಮೇಡಂ.



ಸ್ವಲ್ಪ ದಿನ ತಡೆಯಿರಿ, ನಾನು ತಂಗಿಗೆ ಹೇಳಿ ಒಳಗೊಳಗೇ ಸರಿ ಮಾಡಿಸುತ್ತೇನೆ ಎಂದು ಮೇಡಂ ಬೇಡಿಕೊಂಡರಂತೆ. ಮೇಷ್ಟ್ರು ಸಿಟ್ಟಾಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿರೋರು ತಡೀತಾರಾ ಮೇಡಂ, ಎಂದಷ್ಟೇ ಕೇಳಿದರು. ದೊಡ್ಡವರೆಲ್ಲ ಬರುವ ದಿನ ಆ ಹಾಳೆಯನ್ನೇ ತೋರಿಸುವುದೆಂದು ಗೊತ್ತು ಮಾಡಿಕೊಂಡರು. ಹಿಂದಿನ ಸಂಜೆ ಮೇಡಂ ಕಪಾಟು ತೆಗೆದರು.

"ಒಂದು ಸಲ ಕಾಣದೆ ಹೋದ್ರೆ ಏನಾಗುತ್ತೆ ಅಂದ್ಕೊಂಡೆ. ಇನ್ನೊಂದು ತಿಂಗಳಿಗೆ ಮತ್ತೆ ತೋರಿಸ್ತಾರೆ, ಅಷ್ಟರಲ್ಲಿ ಅವಳು ಸರಿ ಮಾಡಿರ್ತಾಳೆ. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು."

"ಆಮೇಲೆ ಮೇಷ್ಟ್ರನ್ನ ನೋಡಿದ್ರಾ?"

ಮೇಡಂ ಅವರ ಒಂದು ಕೈ ಪಕ್ಕದ ಗೋಡೆಯನ್ನು ಮುಟ್ಟಿತು. ಗೋಡೆಯಾಚೆ ಮೇಷ್ಟ್ರ ಕೋಣೆಯಲ್ಲಿ ಈಗ ಯಾರೂ ಇರಲಿಲ್ಲ. ಆ ಕಡೆಯಿಂದ ಬರುತ್ತಿದ್ದ ಕೆಮ್ಮು, ಕುರ್ಚಿ ಎಳೆಯುವ ಸದ್ದು ನಿಂತುಹೋದ ಮೇಲೆ ಈ ಕೋಣೆಯ ಮೌನ ಎಷ್ಟು ದೊಡ್ಡದಾಗಿದೆಯೆಂದರೆ, ಒಬ್ಬರೇ ಇದ್ದಾಗ ತಾನೇ ಸುಮ್ಮನೆ ಕೆಮ್ಮಿ ನೋಡುತ್ತೇನೆ ಎಂದರು.

"ಸಂಜೆ ಬಂದ್ರು. ನೀವು ಕೂತಿದ್ದೀರಲ್ಲ, ಅದೇ ಕುರ್ಚಿಯಲ್ಲಿ ಕೂತ್ರು. ಎಲ್ಲರೂ ಹೋಗಲಿ ಬಿಡಿ, ನೀವೊಬ್ಬರು ನೋಡಿದ್ರಲ್ಲ ಮೇಡಂ, ನಿಮಗೆ ಕಂಡಿತ್ತಲ್ಲ, ಅಂದ್ರು."

"ನೀವೇನಂದ್ರಿ?"

"ನನಗೆ ಸರಿಯಾಗಿ ನೆನಪಿಲ್ಲ ಅಂದೆ."

ಕೆಂಪು ಬೆಳಕಿನಲ್ಲಿ ಆ ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡವು. ಮೇಷ್ಟ್ರು ಆಯಿತು ಎಂದು ತಲೆಯಾಡಿಸಿ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟು ಹೋದರಂತೆ. ರಾತ್ರಿಯೆಲ್ಲ ಮೇಡಂಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎಲ್ಲ ಹೇಳಿಬಿಡೋಣವೆಂದು ಗೋಲಿಗಳನ್ನು ತೆಗೆದುಕೊಂಡು ಅವರ ಮನೆಗೆ ಹೋದರೆ ಬಾಗಿಲಿಗೆ ಬೀಗ. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಸಿಕ್ಕಿದ ಸುದ್ದಿ ಬಂತು.

"ಆ ಗೋಲಿಗಳು ಈಗೆಲ್ಲಿ?"

ಮೇಡಂ ಎದ್ದು ಮೇಜಿನ ಖಾನೆಯಿಂದ ಒಂದು ಸಣ್ಣ ಡಬ್ಬಿ ತೆಗೆದರು. ಅದರ ಜೊತೆಗೆ ಒಂದು ಲಕೋಟೆಯನ್ನೂ ತೆಗೆದರು. ಅದರಲ್ಲಿದ್ದದ್ದು ಹೊಸ ಹಾಳೆಯ ತುಂಡು. ಎಲ್ಲ ಸರಿ ಮಾಡಿಸಿದ್ದೇನೆ, ಕೆಟ್ಟ ಮಾಲನ್ನೆಲ್ಲ ವಾಪಸ್ ತರಿಸಿದ್ದೇನೆ, ಬೇಕಾದರೆ ನೋಡಿಕೋ ಎಂದು ತಂಗಿ ಕಳಿಸಿದ್ದಳಂತೆ. ಮೇಡಂ ಅದನ್ನು ಇನ್ನೂ ಒಡೆದೇ ಇರಲಿಲ್ಲ.

"ಯಾಕೆ?"

"ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ದಿದ್ರೆ ನೋಡ್ತಿದ್ದೆನೇನೋ."

"ಈಗ ನಾನಿದ್ದೀನಲ್ಲ."

ಮೇಡಂ ಹಾಳೆಯ ಚೂರೊಂದನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ನೀರು ಬಿಟ್ಟು, ನೆನೆಯಲು ಬಿಟ್ಟರು. ಆಮೇಲೆ ಡಬ್ಬಿಯಿಂದ ಚಿಟಿಕೆಗಿಂತ ಕಡಿಮೆ ಗೋಲಿ ಉದುರಿಸಿದರು. ಬರಿಗಣ್ಣಿಗೆ ಅದು ಬೂದಿಯ ಹಾಗೆ ಕಂಡಿತು. ಭಾರದ ಗಾಜು, ಬೇಗ ಮುಳುಗಿ ತಳ ಹಿಡಿಯಿತು. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ತಿರುಪನ್ನು ಮೆಲ್ಲಗೆ ತಿರುಗಿಸುತ್ತ, ಗೋಲಿಯನ್ನು ನೋಡಬಾರದು, ಅದಕ್ಕಿಂತ ಕೆಳಗೆ ನೋಡಬೇಕು, ಚಿತ್ರ ಕಟ್ಟುವುದು ಅಲ್ಲಿ ಎಂದು ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ ಹೇಳಿದರು. ಆಮೇಲೆ ಅವರ ಕೈ ತಿರುಪಿನ ಮೇಲೆ ನಿಂತುಬಿಟ್ಟಿತು.

ಎದ್ದು ಜಾಗ ಬಿಟ್ಟರು.

ಇನ್ಸ್‌ಪೆಕ್ಟರಮ್ಮ ಬಗ್ಗಿದಳು. ಗೋಲಿಗಳ ಆಚೆ ಈಚೆ ಹಾಳೆ ಬರೀ ಬೂದು ಮಂಜು. ಆದರೆ ಪ್ರತಿ ಗೋಲಿಯೊಳಗೂ ಒಂದು ಪುಟ್ಟ ದುಂಡು ಕಿಟಕಿ ತೆರೆದುಕೊಂಡಿತ್ತು. ಒಂದರಲ್ಲಿ ಚುಕ್ಕಿ ಚುಕ್ಕಿಯಾಗಿ ಒಪ್ಪವಾದ ತೂತುಗಳು. ಅದರ ಪಕ್ಕದ್ದರಲ್ಲಿ ಹರಿದ ಬಟ್ಟೆಯಂಥ ಉದ್ದನೆಯ ಸೀಳು. ಗೋಲಿಯದೇ ದೋಷವಿರಬಹುದೇ ಎಂದು ಅವಳು ಕೇಳಿದಳು. ಮೇಡಂ ಕೂದಲಿನಂಥ ಗಾಜಿನ ಕಡ್ಡಿಯಿಂದ ಆ ಗೋಲಿಯನ್ನು ಪಕ್ಕಕ್ಕೆ ತಳ್ಳಿ, ಅದೇ ಜಾಗಕ್ಕೆ ಇನ್ನೊಂದನ್ನು ಉರುಳಿಸಿದರು. ಸೀಳು ಅಲ್ಲೇ ಇತ್ತು.

ಗೋಲಿ ಮೇಷ್ಟ್ರು ಒಬ್ಬರೇ ಹೊತ್ತು ತಿರುಗಿದ್ದು ಇದನ್ನು. ಕಂಡದ್ದನ್ನು ಕಂಡಿದೆ ಎಂದು ಹೇಳುವವರು ಒಬ್ಬರೂ ಇಲ್ಲದೆ. ಇನ್ಸ್‌ಪೆಕ್ಟರಮ್ಮನಿಗೆ ಆ ಮನುಷ್ಯನ ಮುಖ ಕೂಡ ಒಂದು ಫೋಟೋದಲ್ಲಿ ಬಿಟ್ಟರೆ ಗೊತ್ತಿರಲಿಲ್ಲ. ಆದರೂ ನನಗೂ ಕಂಡಿತು ಮೇಷ್ಟ್ರೇ ಎಂದು ಹೇಳಬೇಕೆನಿಸಿತು, ಕೇಳಿಸಿಕೊಳ್ಳಲು ಅವರಿರಲಿಲ್ಲ.

"ತಂಗಿ ಏನೂ ಸರಿ ಮಾಡಿಲ್ಲ," ಎಂದರು ಮೇಡಂ. ದನಿಯಲ್ಲಿ ಅಳುವೂ ಇರಲಿಲ್ಲ. "ನನಗೆ ಸುಳ್ಳು ಹೇಳಿದಳು."

"ಈ ಹಾಳೆಯಲ್ಲಿ ಸೋಸಿದ ಡ್ರಿಪ್ ಎಲ್ಲಿಗೆ ಹೋಗುತ್ತೆ?"

"ಊರಿನ ದೊಡ್ಡ ಆಸ್ಪತ್ರೆಗೆ. ಸುಸ್ತಾಗಿ ಬಿದ್ದವರಿಗೆ, ಊಟ ಸೇರದವರಿಗೆ ಶಕ್ತಿಗೆ ಅಂತ ಕೊಡ್ತಾರಲ್ಲ, ಅದು."

ಪೊಲೀಸರ ಮುಂದೆ ಇದನ್ನೆಲ್ಲ ಹೇಳುತ್ತೀರಾ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ಹೇಳುತ್ತೇನೆ, ಆದರೆ ಮೊದಲು ತಂಗಿಯ ಮುಖ ನೋಡಿ ಬರುತ್ತೇನೆ ಎಂದರು ಮೇಡಂ. ಬೇಡ, ಮೊದಲು ಪೊಲೀಸರು ಎಂದು ಅವಳು ಹೇಳುತ್ತಿದ್ದ ಹಾಗೇ ಚೀಲದಲ್ಲಿ ಫೋನು ಗುರುಗುಟ್ಟಿತು.

ಫೋನ್ ಮಾಡಿದ್ದು ಮೇಷ್ಟ್ರ ಕೋಣೆಯ ಕೆಳಗಿದ್ದ ಮನೆಯೊಡತಿ. ಅಕ್ಕ ನೀರು ತರಲು ಇಳಿಯುವಾಗ ಮೆಟ್ಟಿಲ ಮೇಲೆ ತಲೆಸುತ್ತಿ ಬಿದ್ದರಂತೆ. ಏಟೇನೂ ಆಗಿಲ್ಲ, ಹೊಟ್ಟೆಗಿಲ್ಲದೆ ಹೀಗಾಗಿದೆ ಎಂದು ಡಾಕ್ಟರು ಹೇಳಿದರಂತೆ. ದೊಡ್ಡ ಆಸ್ಪತ್ರೆಗೆ ಸೇರಿಸಿ ತಾನು ಈಗ ತಾನೇ ಮನೆಗೆ ಬಂದೆ, ಡ್ರಿಪ್ ಹಾಕಿದ್ದಾರೆ, ಗಾಬರಿಯಾಗಬೇಡಿ ಎಂದಳು.

ಇನ್ಸ್‌ಪೆಕ್ಟರಮ್ಮ ಗೋಲಿಯ ಡಬ್ಬಿ, ಹಾಳೆಯ ಲಕೋಟೆ ಎರಡನ್ನೂ ಚೀಲಕ್ಕೆ ತುರುಕಿ ಓಡಿದಳು.

ಟ್ಯಾಕ್ಸಿಯಲ್ಲಿ ಕೂತು ಆಸ್ಪತ್ರೆಗೆ ಫೋನ್ ಹಚ್ಚಿದಳು. ಒಬ್ಬರು ಎತ್ತಿ ಇನ್ನೊಬ್ಬರಿಗೆ ಕೊಟ್ಟರು. ಆ ಇನ್ನೊಬ್ಬರು ಯಾವ ವಾರ್ಡು, ರೋಗಿಯ ಕಡೆಯವರಾ, ಡಾಕ್ಟರನ್ನೇ ಕೇಳಿ ಎಂದು ಲೈನು ಹಿಡಿಸಿ ಮರೆತರು. ಮುಂದೆ ಗಾಡಿಗಳು ಒಂದರ ಹಿಂದೆ ಒಂದು ನಿಂತಿದ್ದವು. ದೊಡ್ಡ ಆಸ್ಪತ್ರೆಯ ಕಟ್ಟಡ ಕಾಣುತ್ತಿದ್ದಂತೆ ಅವಳು ಇಳಿದು, ಉಳಿದ ದಾರಿಯನ್ನು ಓಡಿಕೊಂಡೇ ಹೋದಳು. ಆ ವಯಸ್ಸಿನಲ್ಲಿ ಹಾಗೆ ಓಡುವವರನ್ನು ಜನ ತಿರುಗಿ ನೋಡಿದರು, ಆದರೆ ಯಾರೂ ಏನೆಂದು ಕೇಳಲಿಲ್ಲ.

ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ಅಕ್ಕ ಮಲಗಿದ್ದರು. ಬೇರೆ ಮಂಚಗಳ ಸುತ್ತ ಮಕ್ಕಳು, ಮೊಮ್ಮಕ್ಕಳು, ಹಣ್ಣಿನ ಚೀಲ, ಮಾತು. ಅಕ್ಕನ ಮಂಚದ ಬಳಿ ಒಂದು ಖಾಲಿ ಸ್ಟೂಲು. ಕಂಬಿಗೆ ನೇತುಹಾಕಿದ ಬಾಟಲಿಯಲ್ಲಿ ತಿಳಿ ಹಳದಿ ದ್ರವ ಇತ್ತು. ಅರ್ಧ ಖಾಲಿಯಾಗಿತ್ತು.

ಇನ್ಸ್‌ಪೆಕ್ಟರಮ್ಮ ಟ್ಯೂಬಿನ ಮೇಲಿನ ಪುಟ್ಟ ಚಕ್ರಕ್ಕೆ ಕೈ ಹಾಕಿದಳು. ತಿರುಗಿಸಿ ಮುಚ್ಚಬೇಕು.

ಅದು ಆಗಲೇ ಮುಚ್ಚಿತ್ತು. ಬಿಗಿಯಾಗಿ, ಕೊನೆಯವರೆಗೂ. ಒಂದು ಹನಿಯೂ ಬೀಳುತ್ತಿರಲಿಲ್ಲ.

"ಅದನ್ನ ಮುಟ್ಟಬೇಡಿ," ಎಂದು ನರ್ಸು ಹಿಂದಿನಿಂದ ಬಂದಳು. "ನೀವು ಇವರಿಗೆ ಏನಾಗಬೇಕು?"

ಇದನ್ನು ನಿಲ್ಲಿಸಿದವರು ಯಾರು ಎಂದು ಇನ್ಸ್‌ಪೆಕ್ಟರಮ್ಮ ತಿರುಗಿ ಕೇಳಿದಳು. ನರ್ಸು ಬಾಟಲಿಯ ಕಡೆ ನೋಡಿ, ಯಾರೋ ಹೊಸ ಡಾಕ್ಟರು ಬಂದಿದ್ದರಲ್ಲ, ಬಿಳಿ ಕೋಟು, ಬಾಟಲಿಯನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು, ಅವರೇ ಇರಬೇಕು ಎಂದಳು. ಆಮೇಲೆ ತಾನೇ ಅನುಮಾನ ಬಂದವಳ ಹಾಗೆ ವಾರ್ಡಿನ ಡಾಕ್ಟರನ್ನು ಕೇಳಲು ಹೋದಳು.

ಅಕ್ಕ ಕಣ್ಣು ತೆರೆದಿದ್ದರು. ಇನ್ಸ್‌ಪೆಕ್ಟರಮ್ಮ ಸ್ಟೂಲಿನ ಮೇಲೆ ಕೂತು ಅವರ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು, ಜ್ವರ ಇರಲಿಲ್ಲ. ನೋಟ ತಿಳಿಯಾಗಿತ್ತು.

"ಅಕ್ಕಾ, ಇಲ್ಲಿಗೆ ಬಂದಿದ್ದೋರು ಯಾರು?"

ಅಕ್ಕ ಅವಳನ್ನೇ ನೋಡುತ್ತಿದ್ದರು. ಆ ನೋಟ ಬೆಳಿಗ್ಗೆ ಇದ್ದ ಹಾಗಿರಲಿಲ್ಲ.

"ಪುಟ್ಟ," ಎಂದರು.

ಸುತ್ತಲಿನ ಮಾತು, ಮಕ್ಕಳ ಗಲಾಟೆ ಎಲ್ಲ ಎಲ್ಲೋ ದೂರಕ್ಕೆ ಸರಿದ ಹಾಗಾಯಿತು.

"ನಿಜವಾಗ್ಲೂ ಅವರೇನಾ?"

"ನನ್ನ ತಮ್ಮ ನನಗೆ ಗೊತ್ತಾಗಲ್ವಾ? ಸೊರಗಿಹೋಗಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ನನ್ನನ್ನ ಇಲ್ಲಿಗೆ ತರೋದನ್ನ ದೂರದಿಂದ ಕಂಡು ಹಿಂದೆಯೇ ಬಂದನಂತೆ. ಇದನ್ನ ನಿಲ್ಲಿಸಿದ, ಇನ್ನು ಹಾಕಿಸ್ಕೋಬೇಡ ಅಂದ. ಹಣೆ ಮುಟ್ಟಿದ. ಆಮೇಲೆ ಒಂದು ಮಾತು ಹೇಳಿ ಹೋದ."

"ಏನಂದ್ರು ಅಕ್ಕಾ?"

ಅಕ್ಕ ತಮ್ಮ ಕೈಯನ್ನು ಅವಳ ಕೈಯೊಳಗಿಂದ ನಿಧಾನವಾಗಿ ಬಿಡಿಸಿಕೊಂಡು, ಹೊದಿಕೆಯ ಕೆಳಗೆ ಇಟ್ಟುಕೊಂಡರು.

"ಆ ಇನ್ಸ್‌ಪೆಕ್ಟರಮ್ಮನ ಹತ್ರ ಇನ್ನು ಒಂದು ಮಾತೂ ಆಡಬೇಡ ಅಂದ. ನಿಮ್ಮನ್ನ ಆ ಕಾರ್ಖಾನೆ ಒಳಗೆ ಅವನೇ ಕಣ್ಣಾರೆ ನೋಡಿದನಂತೆ. ನಿನ್ನೆ. ಅಲ್ಲಿನವರ ಜೊತೆ ಕೂತು ಮಾತಾಡ್ತಿದ್ರಂತೆ."

ಹಾಗೆಂದು ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ನಿನ್ನೆ ಹಗಲೆಲ್ಲ ಇನ್ಸ್‌ಪೆಕ್ಟರಮ್ಮ ತನ್ನ ಮನೆಯಲ್ಲಿ ಒಬ್ಬಳೇ ಇದ್ದಳು. ಇದ್ದದ್ದು ಹೌದು ಎಂದು ಸಾಕ್ಷಿ ಹೇಳಲು ಒಂದು ಪ್ರಾಣಿಯೂ ಇರಲಿಲ್ಲ. ಆ ಕಾರ್ಖಾನೆಯ ಗೇಟು ಯಾವ ದಿಕ್ಕಿಗಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಮೇಷ್ಟ್ರು ಅಲ್ಲಿ ಕಂಡದ್ದು ಯಾರನ್ನು?